ಬೋರಿನ ನೀರಾಗ ನೈಟ್ರೇಟ್ 96 ಬಂದದ, ಇದು ಯೂರಿಯಾದ ಕೆಲಸಾನೇ ಏನ್ರಿ?

ಪ್ರಶ್ನೆ: ಸರ್, ನಮ್ದು ಶಹಾಪುರ ತಾಲೂಕು, ಕೆನಾಲ್ ಕೆಳಗ ಆರು ಎಕರೆ ಹೊಲ. ನಾಲ್ಕು ಎಕರೆ ನೆಲ್ಲು, ಎರಡು ಎಕರೆ ಮೆಣಸಿನಕಾಯಿ. ಮನಿ ಹೊಲದಾಗೇ ಅದ, ಮನಿ ಮುಂದಿನ ಬೋರಿನ ನೀರೇ ಕುಡಿಯೋದು. ಹೋದ ತಿಂಗಳು ನೀರು ಟೆಸ್ಟ್ ಮಾಡಿಸಿದ್ವಿ, ನೈಟ್ರೇಟ್ 96, ಟಿಡಿಎಸ್ 1480, ಕ್ಲೋರೈಡ್ 410, ಫ್ಲೋರೈಡ್ 1.1, ಕೋಲಿಫಾರ್ಮ್ ಇದೆ ಅಂತ ಬಂದದ. ತಂಗಿ ಬಾಣಂತನಕ್ಕ ಬಂದಾಳ, ಕೂಸಿಗೆ ಎರಡು ತಿಂಗಳು. ಹಾಲು ಸಾಲಲ್ಲ ಅಂತ ಪೌಡರ್ ಹಾಲು ಇದೇ ನೀರು ಚೆನ್ನಾಗಿ ಕುದಿಸಿ ಕಲಸಿ ಕೊಡ್ತೀವಿ. ಊರಾಗ ಎಲ್ಲಾರೂ ಸರ್ಕಾರಿ ಗೊಬ್ಬರದಿಂದ ನೆಲ ಕೆಟ್ಟು ನೀರು ಕೆಟ್ಟದ ಅಂತಾರ. ಖರೇ ಏನು? ಇನ್ನೂ ಆಳ ಬೋರ್ ಹಾಕಿಸ್ಲೇನು, ಇಲ್ಲ ಫಿಲ್ಟರ್ ತರ್ಲೇನು? ಔಷಧಿ ಹೊಡೆದಿದ್ದೂ ನೀರಿಗೆ ಇಳಿದಿರ್ತದೇನು?

ಉತ್ತರ: ಉಳಿದಿದ್ದೆಲ್ಲಾ ಆಮ್ಯಾಲ ಓದ್ರಿ, ಮೊದಲು ಕೂಸಿಗೆ ಆ ನೀರಿನ ಹಾಲು ಕಲಸೋದು ಇವತ್ತೇ ಬಂದ್ ಮಾಡ್ರಿ. ಕುದಿಸಿದ್ರ ಸರಿ ಹೋಗ್ತದ ಅಂತ ನೀವು ತಿಳ್ಕೊಂಡೀರಿ, ನಿಮ್ಮ ತಪ್ಪಲ್ಲ, ಎಲ್ಲಾರೂ ಹಂಗೇ ತಿಳ್ಕೊಂಡಿರ್ತಾರ, ಯಾಕಂದ್ರ ನಮಗ ಚಿಕ್ಕಂದಿನಿಂದ ಹೇಳಿಕೊಟ್ಟಿದ್ದೇ ನೀರು ಕುದಿಸಿ ಕುಡೀರಿ ಅಂತ. ಕುದಿಸಿದ್ರ ಕ್ರಿಮಿ ಸಾಯ್ತಾವ, ನೈಟ್ರೇಟ್ ಸಾಯಂಗಿಲ್ಲ, ಅದು ಉಪ್ಪು ಇದ್ದಂಗ. ಸಾರು ಕುದ್ದಷ್ಟೂ ಉಪ್ಪಾಗ್ತದಲ್ಲ, ಹಂಗೇ. ಐದು ಲೀಟರ್ ನೀರು ಕುದ್ದು ನಾಲ್ಕು ಲೀಟರ್ ಆದ್ರ ನಿಮ್ಮ 96 ಹೋಗಿ 120 ಆಗ್ತದ. ಅಂದ್ರ ಕಾಳಜಿ ಮಾಡಿ ಚೆನ್ನಾಗಿ ಕುದಿಸಿದಷ್ಟೂ ಕೂಸಿಗೆ ಜಾಸ್ತಿ ನೈಟ್ರೇಟ್ ಹೋಗ್ಲಾಕತ್ತದ.

ಆರು ತಿಂಗಳೊಳಗಿನ ಕೂಸಿಗೆ ಇದು ಯಾಕ ಅಷ್ಟು ಡೇಂಜರ್ ಅಂದ್ರ, ಸಣ್ಣ ಕೂಸಿನ ಹೊಟ್ಟ್ಯಾಗ ಆಮ್ಲ ಕಡಿಮಿ, ಅಲ್ಲಿರೋ ಬ್ಯಾಕ್ಟೀರಿಯಾ ನೈಟ್ರೇಟನ್ನ ನೈಟ್ರೈಟ್ ಮಾಡ್ತಾವ, ಆ ನೈಟ್ರೈಟ್ ರಕ್ತದಾಗಿನ ಹಿಮೋಗ್ಲೋಬಿನ್ ಹಿಡ್ಕೊಂಡು ಅದು ಆಕ್ಸಿಜನ್ ಹೊರದಂಗ ಮಾಡಿಬಿಡ್ತದ. ತುಟಿ, ಉಗುರು ನೀಲಿ ಬೂದಿ ಬಣ್ಣಕ್ಕ ತಿರುಗ್ತಾವ. ಅಮೆರಿಕದ ಅಯೋವಾದಾಗ 1945ರಾಗ ಹಂಟರ್ ಕಾಮ್ಲಿ ಅನ್ನೋ ಡಾಕ್ಟರ್ ಇದನ್ನ ಮೊದಲು ಬರೆದಿಟ್ರು, ಅಲ್ಲೂ ಇದೇ ಕಥಿ, ಹೊಲದ ಮನಿ, ಮನಿ ಬಾವಿ, ಬಾವಿ ನೀರಾಗ ಕಲಸಿದ ಪೌಡರ್ ಹಾಲು. ಜೊತಿಗೆ ಕೂಸಿಗೆ ಭೇದಿ ಆಗ್ಲಾಕತ್ತಿದ್ರ ಇನ್ನೂ ಬೇಗ ಏರ್ತದ, ನಿಮ್ಮ ನೀರಾಗ ಕೋಲಿಫಾರ್ಮ್ ಅನ್ನೋ ಹೊಲಸಿನ ಬ್ಯಾಕ್ಟೀರಿಯಾ ಬ್ಯಾರೆ ಅದ. ತುಟಿ ಬಣ್ಣದಾಗ ಏನಾದ್ರೂ ಫರಕ್ ಕಂಡ್ರ ಬೆಳಗಾಗ್ಲಿ ಅಂತ ಕಾಯಬ್ಯಾಡ್ರಿ, ರಾತ್ರಿನೇ ತಾಲೂಕಾ ಆಸ್ಪತ್ರಿಗೆ ಹೋಗ್ರಿ, ಹೋದಾಗ ನೀರಿನ ರಿಪೋರ್ಟ್ ಕೈಯಾಗ ಹಿಡ್ಕೊಂಡು ಹೋಗಿ ಡಾಕ್ಟರಿಗೆ ತೋರಿಸ್ರಿ, ಇದಕ್ಕ ಮದ್ದು ಅದ, ಆದ್ರ ಡಾಕ್ಟರಿಗೆ ಅಂದಾಜು ಬರಬೇಕಲ್ಲ.

ನಿಮ್ಮ ತಂಗಿ ಅದೇ ನೀರು ಕುಡಿದು ಎದಿ ಹಾಲು ಕೊಟ್ರ ಅಷ್ಟು ಚಿಂತಿ ಇಲ್ರಿ, ತಾಯಿ ಹಾಲಿನಾಗ ನೈಟ್ರೇಟ್ ಅಷ್ಟಾಗಿ ಸೇರಂಗಿಲ್ಲ. ಹಾಲು ಸಾಲಲ್ಲ ಅನ್ನೋದು ಅರ್ಧಕ್ಕರ್ಧ ಸಲ ಮನಿ ಹಿರೇರ ಅಂದಾಜು ಇರ್ತದ, ಒಮ್ಮಿ ಆಶಾ ಅಕ್ಕಾರನ್ನ ಕರೆಸಿ ಕೂಸಿನ ತೂಕ ನೋಡಿಸ್ರಿ. ಪೌಡರ್ ಬೇಕೇ ಬೇಕು ಅಂದ್ರ ನದಿ ನೀರು ಶುದ್ಧ ಮಾಡಿ ಬರೋ ನಲ್ಲಿ ಇದ್ರ ಅದು, ಇಲ್ಲ ಆರ್‌ಒ (ಪೊರೆಯಿಂದ ಸೋಸೋ ಮಶೀನ್) ನೀರು, ಅದನ್ನ ಕುದಿಸಿ ಆರಿಸಿ ಬಳಸ್ರಿ.

ಈಗ ನಿಮ್ಮ ರಿಪೋರ್ಟಿಗೆ ಬರ್ತೀನಿ. ನಮ್ಮ ದೇಶದ ಕುಡಿಯೋ ನೀರಿನ ಬಿಐಎಸ್ ಮಾನದಂಡ, ಐಎಸ್ 10500, ಅದರ ಪ್ರಕಾರ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರ್ದು. ಟಿಡಿಎಸ್, ಅಂದ್ರ ನೀರಾಗ ಕರಗಿರೋ ಒಟ್ಟು ಉಪ್ಪಿನಂಶ, ಅದಕ್ಕ 500 ಇರಲಿ, ಬ್ಯಾರೆ ನೀರೇ ಇಲ್ಲಾಂದ್ರ 2000 ತನಕ ನಡೀತದ ಅಂತ ಸಡಿಲಿಕಿ ಕೊಟ್ಟಾರ, ಕ್ಲೋರೈಡಿಗೆ 250, ಸಡಿಲಿಕಿ 1000, ಫ್ಲೋರೈಡಿಗೆ 1, ಸಡಿಲಿಕಿ 1.5. ನೈಟ್ರೇಟಿಗೆ ಮಾತ್ರ ಸಡಿಲಿಕಿ ಇಲ್ಲವೇ ಇಲ್ಲ, 45 ಅಂದ್ರ 45. ಹಂಗಾಗಿ ನಿಮ್ಮ ಹಾಳ್ಯಾಗ ಟಿಡಿಎಸ್ 1480 ದೊಡ್ಡ ನಂಬರ್ ಅಂತ ಕಣ್ಣಿಗೆ ಹೊಡೀತದ, ಆದ್ರ ಖರೇ ಕೆಂಪು ಗೆರಿ ಎಳೀಬೇಕಾದ್ದು 96ರ ಕೆಳಗ ಮತ್ತ ಕೋಲಿಫಾರ್ಮ್ ಕೆಳಗ.

ಇನ್ನೊಂದು, ರಿಪೋರ್ಟಿನಾಗ ನೈಟ್ರೇಟ್ ಅಂತ ಬರೆದಾರೋ, ನೈಟ್ರೇಟ್ ನೈಟ್ರೋಜನ್ ಅಂತ ಬರೆದಾರೋ ನೋಡ್ರಿ. ಎರಡೂ ಬ್ಯಾರೆ ಲೆಕ್ಕ. ನೈಟ್ರೋಜನ್ ಲೆಕ್ಕದಾಗ 10 ಅಂದ್ರ ನೈಟ್ರೇಟ್ ಲೆಕ್ಕದಾಗ ಸುಮಾರು 44. ನಿಮ್ದು ನೈಟ್ರೇಟ್ ಅಂತಾನೇ ಅದ ಅಂತ ಹಿಡ್ಕೊಂಡು ಹೇಳ್ಲಾಕತ್ತೀನಿ. ಮಂದಿ 22 ಬಂದದ, 45ಕ್ಕಿಂತ ಕಡಿಮಿ ಅದ ಅಂತ ಖುಷಿಯಾಗಿ ಬರ್ತಾರ, ನೋಡಿದ್ರ ಅದು ನೈಟ್ರೋಜನ್ ಲೆಕ್ಕ, ಅಂದ್ರ 97 ನೈಟ್ರೇಟ್.

ಇನ್ನ ನಿಮ್ಮ ಮುಖ್ಯ ಪ್ರಶ್ನೆ, ಇದು ಯೂರಿಯಾದಿಂದ ಬಂತೇನು ಅಂತ. ಊರಾಗ ಅನ್ನೋದು ಸುಳ್ಳಲ್ಲ, ಆದ್ರ ಅರ್ಧ ಖರೇ. ನೀವು ಹೊಲದ ಕಡಿ ಬೊಟ್ಟು ಮಾಡೋಕ್ಕಿಂತ ಮೊದಲು ಬೋರಿನ ಬಾಯಿ ಹತ್ರ ನಿಂತ್ಕೊಂಡು ಸುತ್ತ ಐವತ್ತು ಹೆಜ್ಜಿ ನೋಡ್ರಿ ಅಂತ ನಾನು ಹೇಳೋದು. ದನ ಎಲ್ಲಿ ಕಟ್ತೀರಿ? ತಿಪ್ಪಿ ಎಲ್ಲಿ ಅದ? ಸಂಡಾಸದ ಗುಂಡಿ ಎಲ್ಲಿ ತೋಡೀರಿ? ಬಚ್ಚಲ ನೀರು ಎಲ್ಲಿ ಹೋಗಿ ನಿಂದ್ರತದ? ನೀವು ಬರೆದಿಲ್ಲ, ಆದ್ರ ನಮ್ಮ ಕಡಿ ಹೊಲದ ಮನಿ ಅಂದ್ರ ಬೋರ್, ಬೋರಿಗೆ ಹತ್ತಿ ತೊಟ್ಟಿ, ತೊಟ್ಟಿಗೆ ಹತ್ತಿ ದನ ಕಟ್ಟೋ ಗೂಟ, ಅದರ ಹಿಂದ ತಿಪ್ಪಿ, ಇದು ಎಲ್ಲಾ ಕಡಿ ಒಂದೇ ನಕ್ಷಿ. ದನಕ್ಕ ನೀರು ಕುಡಿಸ್ಲಿಕ್ಕೆ ಹತ್ರ ಆಗ್ಲಿ ಅಂತ ಮಾಡಿರ್ತೀವಿ.

ಕೋಲಿಫಾರ್ಮ್ ಇದೆ ಅಂತ ಬಂದದಲ್ಲ, ಅದೇ ನನಗ ದೊಡ್ಡ ಸುಳಿವು. ಯೂರಿಯಾ ಚೀಲದಾಗ ಕೋಲಿಫಾರ್ಮ್ ಇರಂಗಿಲ್ರಿ. ಅದು ಸಗಣಿಯಿಂದ, ಸಂಡಾಸದಿಂದ, ಇಲ್ಲ ಮ್ಯಾಲಿನ ಹೊಲಸು ನೀರು ಬೋರಿನ ಬಾಯಾಗ ಇಳಿದ್ರ ಬರೋದು, ಅಂದ್ರ ಭಾಳ ದೂರದಿಂದ ಬಂದದ್ದಲ್ಲ, ಹತ್ರದ್ದು. ಕ್ಲೋರೈಡ್ 410 ಸಹ ಅದೇ ಕಡಿ ಕೈ ತೋರಿಸ್ತದ, ಯಾಕಂದ್ರ ಮನುಷ್ಯಾರ, ದನದ ಮೂತ್ರದಾಗ ಉಪ್ಪು ಇರ್ತದ, ಯೂರಿಯಾ, ಡಿಎಪಿಯೊಳಗ ಕ್ಲೋರೈಡ್ ಇಲ್ಲ. ಆದ್ರ ಕ್ಲೋರೈಡ್ ಒಂದನ್ನೇ ನಂಬಬ್ಯಾಡ್ರಿ, ಕೆಂಪು ಪೊಟ್ಯಾಷ್ ಅಂದ್ರ ಪೊಟ್ಯಾಸಿಯಂ ಕ್ಲೋರೈಡೇ, ಮತ್ತ ನಮ್ಮ ಕೆನಾಲ್ ಕೆಳಗಿನ ಸವಳು ಹಿಡಿದ ಹೊಲದಾಗ ನೆಲದಿಂದಾನೇ ಕ್ಲೋರೈಡ್ ಬರ್ತದ. ಹೊಲದ ನಡುವಿನ ಬೋರಿಗಿಂತ ಊರೊಳಗಿನ ಬೋರಾಗ ನೈಟ್ರೇಟ್ ಜಾಸ್ತಿ ಇರೋದು ನಾನು ಎಷ್ಟೋ ಸಲ ನೋಡೀನಿ, ಯೂರಿಯಾ ಕಾಣದ ಓಣ್ಯಾಗ.

ಸಾವಯವ ಮಾಡೋರು ಇದಕ್ಕ ಸಿಟ್ಟಾಗ್ತಾರ, ಇರಲಿ. ನೈಟ್ರೇಟಿಗೆ ಜಾತಿ ಇಲ್ರಿ, ಸಗಣಿಯಿಂದ ಬಂದ್ರೂ ಅದೇ, ಚೀಲದಿಂದ ಬಂದ್ರೂ ಅದೇ. ವರ್ಷಗಟ್ಟಲೆ ಮಳಿಗೆ ನೆನೆದ ತಿಪ್ಪಿ ಕೆಳಗಿನ ಮಣ್ಣಾಗ ಎಕರೆಗಟ್ಟಲೆ ಹೊಲಕ್ಕ ಆಗೋ ಸಾರಜನಕ ಒಂದೇ ಕಡಿ ಇಳೀತಿರ್ತದ.

ಹಂಗಂತ ಹೊಲಕ್ಕ ಕ್ಲೀನ್ ಚಿಟ್ ಕೊಡ್ಲಾಕತ್ತಿಲ್ಲ. ಯೂರಿಯಾ ಹಾಕಿದ ಕೂಡ್ಲೇ ಏನಾಗ್ತದ ನೋಡ್ರಿ. ಹಸಿ ನೆಲದಾಗ ಕೆಲವೇ ದಿನದಾಗ ಅದು ಅಮೋನಿಯಂ ಆಗ್ತದ. ಅಮೋನಿಯಂ ನಮ್ಮ ಎರಿ ಮಣ್ಣಿಗೆ ಗಟ್ಟಿ ಅಂಟ್ಕೋತದ, ಎರಿ ಮಣ್ಣಿನ ಜಿಗಟು ಅದನ್ನ ಬಿಡಂಗಿಲ್ಲ. ಆಮ್ಯಾಲ ಮಣ್ಣಿನಾಗಿನ ಬ್ಯಾಕ್ಟೀರಿಯಾ ಅಮೋನಿಯಂ ತಿಂದು ನೈಟ್ರೇಟ್ ಮಾಡ್ತಾವ, ನೈಟ್ರೇಟನ್ನ ಮಣ್ಣು ಹಿಡ್ಕೊಳ್ಳಂಗಿಲ್ಲ, ನೀರು ಎತ್ಲಾಗ ಹೋಗ್ತದೋ ಅತ್ಲಾಗ ಅದು. ಗಿಡ ಬೇರಿನಿಂದ ಎಳ್ಕೊಂಡ್ರ ಬಚಾವ್, ಬೇರು ದಾಟಿ ಕೆಳಗ ಇಳಿದ್ರ ಮುಗೀತು, ಅದು ಬೋರಿನ ಪಾಲು.

ಇಲ್ಲೇ ಎಲ್ಲಾರೂ ಎಡವೋದು. ನೆಲ್ಲಿಗೇ ಜಾಸ್ತಿ ಯೂರಿಯಾ ಹಾಕ್ತೀವಿ, ಹಂಗಾಗಿ ನೆಲ್ಲಿನ ಗದ್ದಿಯಿಂದಾನೇ ನೈಟ್ರೇಟ್ ಇಳೀತದ ಅಂತ ತಿಳ್ಕೋತಾರ. ಆದ್ರ ನೀರು ನಿಂತ ಗದ್ದ್ಯಾಗ ಮಣ್ಣಿಗೆ ಗಾಳಿ ಇಲ್ಲ, ಗಾಳಿ ಇಲ್ದಿದ್ರ ನೈಟ್ರೇಟ್ ಆಗೋದೇ ಕಡಿಮಿ, ಆದದ್ದನ್ನೂ ಅಲ್ಲಿನ ಬ್ಯಾಕ್ಟೀರಿಯಾ ಗಾಳಿ ಮಾಡಿ ಮ್ಯಾಲ ಬಿಟ್ಟುಬಿಡ್ತಾವ. ಮ್ಯಾಲ ರಾಡಿ ಹೊಡೆದಿರ್ತೀವಿ, ಕೆಳಗ ಒಂದು ಗಟ್ಟಿ ಪದರ ಕೂತಿರ್ತದ, ನೀರು ಬಸಿಯೋದು ಕಡಿಮಿ. ನೆಲ್ಲಿನಾಗ ನಿಮ್ಮ ಯೂರಿಯಾ ಹಾಳಾಗೋದು ಜಾಸ್ತಿ ಗಾಳಿಗೆ, ರೊಕ್ಕ ಹೋಗ್ತದ ಆದ್ರ ಅಷ್ಟೂ ಬೋರಿಗೆ ಇಳಿಯಂಗಿಲ್ಲ. ನನಗ ಅನುಮಾನ ಇರೋದು ನಿಮ್ಮ ಎರಡು ಎಕರೆ ಮೆಣಸಿನ ಮ್ಯಾಲ. ಮೆಣಸಿನಗಿಡಕ್ಕ ಬೇರು ಆಳ ಇಲ್ಲ, ಮಣ್ಣಿಗೆ ಗಾಳಿ ಅದ, ಯೂರಿಯಾ ಎಲ್ಲಾ ನೈಟ್ರೇಟ್ ಆಗಿ ಕೂತಿರ್ತದ, ಅಷ್ಟೊತ್ತಿಗೆ ಕೆನಾಲಿಗೆ ನೀರು ಬಂತು ಅಂತ ಸಾಲು ತುಂಬ ಹಾಸಿಬಿಡ್ತೀವಿ. ವಾರಬಂದಿ (ಪಾಳಿ ಮ್ಯಾಲ ಕೆನಾಲ್ ನೀರು ಬಿಡೋದು) ಇದ್ದಾಗ ಮುಂದಿನ ಸಲ ಸಿಗ್ತದೋ ಇಲ್ಲೋ ಅಂತ ಎರಡು ಪಟ್ಟು ಹಾಸ್ತಾರ, ತಪ್ಪು ಅಂತ ಹೆಂಗ ಅನ್ನೋದು, ಕೆನಾಲಿನ ಕೊನಿಗಿರೋ ಟೇಲೆಂಡಿನವರ ಕಷ್ಟ ಅವರಿಗೇ ಗೊತ್ತು. ಆದ್ರ ಆ ಒಂದು ನೀರಿಗೆ ಬೇರಿನ ಬುಡದಾಗಿದ್ದ ನೈಟ್ರೇಟ್ ಅಷ್ಟೂ ತೊಳ್ಕೊಂಡು ಕೆಳಗ ಹೋಗ್ತದ. ಹತ್ತಿಗೂ ಇದೇ ಮಾತು.

ಇನ್ನೊಂದು ದಾರಿ ಎರಿ ನೆಲದ ಬಿರುಕು. ಬ್ಯಾಸಿಗ್ಯಾಗ ನಮ್ಮ ಎರಿ ಹೊಲ ಕೈ ತೂರುವಷ್ಟು ಬಾಯಿ ಬಿಟ್ಟಿರ್ತದ. ಮುಂಗಾರಿನ ಮೊದಲ ದೊಡ್ಡ ಮಳಿ, ಇಲ್ಲ ಕೆನಾಲಿನ ಮೊದಲ ನೀರು, ಮಣ್ಣು ನೆನೆಯೋಕ್ಕಿಂತ ಮೊದಲು ಆ ಬಿರುಕಿನಾಗ ಸೀದಾ ಇಳೀತದ. ಒಣಗಿದ ನೆಲ ಮೊದಲ ಸಲ ನೆಂದಾಗ ಮಣ್ಣಿನಾಗಿನ ಬ್ಯಾಕ್ಟೀರಿಯಾ ಒಮ್ಮೆಲೇ ಎದ್ದು ಕೂತು ಒಂದಿಷ್ಟು ನೈಟ್ರೇಟ್ ಮಾಡ್ತಾವ, ಮೊದಲ ಮಳಿಗೆ ಏನೂ ಹಾಕದೇ ಹೊಲ ಹಸಿರಾಗೋದು ಅದಕ್ಕೇ. ಹೋದ ವರ್ಷ ಉಳಿದದ್ದು, ಈಗ ಹುಟ್ಟಿದ್ದು, ಎರಡೂ ಕೂಡಿ ಆ ಮೊದಲ ನೀರಿನಾಗ ಹೋಗ್ತದ. ಆಗ ಹೊಲದಾಗ ಬೆಳಿನೇ ಇರಂಗಿಲ್ಲ, ಇದ್ರೂ ಗೇಣುದ್ದ.

ಕೆನಾಲ್ ಬಂದ ಮ್ಯಾಲ ಇನ್ನೊಂದು ಫರಕ್ ಆಗ್ಯದ, ನಿಮ್ಮ ಅಪ್ಪಾರನ್ನ ಕೇಳಿ ನೋಡ್ರಿ. ನಾರಾಯಣಪುರ ಡ್ಯಾಮಿನ ಎಡದಂಡೆ ಕಾಲುವಿ ಬರೋಕ್ಕಿಂತ ಮೊದಲು ಶಹಾಪುರ, ಸುರಪುರ ಕಡಿ ಬಾವ್ಯಾಗ ನೀರು ಆಳದಾಗ ಇರ್ತಿತ್ತು. ಈ ಯೋಜನಾ ಮಾಡಿದ್ದು ಜೋಳ, ತೊಗರಿ, ಶೇಂಗಾ, ಹತ್ತಿ ಅಂತ ಕಡಿಮಿ ನೀರಿನ ಬೆಳಿಗೆ, ನಾವು ಹಚ್ಚಿದ್ದು ನೆಲ್ಲು. ನೀರು ನಿಂತು ನಿಂತು ಅಂತರ್ಜಲ ಮ್ಯಾಲ ಬಂತು, ತೆಗ್ಗಿನ ಹೊಲದಾಗ ಸವಳು ಜವಳು ಆಯ್ತು, ಬಿಳಿ ಉಪ್ಪು ಕಾಣ್ತದ. ನೀರು ಮ್ಯಾಲ ಬಂದದ್ದು ಒಳ್ಳೇದೇ ಅನಿಸ್ತದ, ಆದ್ರ ಗೊಬ್ಬರ, ಸಂಡಾಸದ ಗುಂಡಿ ಇವೆಲ್ಲಕ್ಕೂ ನೀರಿಗೂ ನಡುವ ಇದ್ದ ಮಣ್ಣಿನ ದಪ್ಪ ಕಡಿಮಿ ಆಯ್ತಲ್ಲ. ಮಣ್ಣೇ ನಮ್ಮ ಫಿಲ್ಟರ್ ಆಗಿತ್ತು.

ಒಂದು ಲೆಕ್ಕ ಹೇಳ್ತೀನಿ. ಈಗಿನ ಯೂರಿಯಾ ಚೀಲ 45 ಕೆಜಿ, 46 ಪರ್ಸೆಂಟ್ ಸಾರಜನಕ, ಅಂದ್ರ ಚೀಲಕ್ಕ ಸುಮಾರು 20.7 ಕೆಜಿ. ಅಷ್ಟೂ ನೈಟ್ರೇಟ್ ಆದ್ರ 91 ಕೆಜಿ ಮ್ಯಾಲ ಆಗ್ತದ. ಒಂದು ಹನಿ ನೈಟ್ರೇಟ್ ಇಲ್ಲದ ನೀರನ್ನ 45ರ ಗೆರಿಗೆ ಮುಟ್ಟಿಸ್ಲಿಕ್ಕೆ ಈ ಒಂದು ಚೀಲ ಇಪ್ಪತ್ತು ಲಕ್ಷ ಲೀಟರಿಗೆ ಸಾಕು. ಎಲ್ಲಾ ಇಳಿಯಂಗಿಲ್ಲ, ಬೆಳಿ ತಿಂತದ, ಗಾಳಿಗೆ ಹೋಗ್ತದ, ಆದ್ರೂ ಎಕರೆಗೆ ಒಂದು ಚೀಲ ಕೈ ಜಾಸ್ತಿ ಆಯ್ತು ಅಂದ್ರ ಅದು ಎಷ್ಟು ನೀರಿನ ಮಾತು ಅನ್ನೋ ಅಂದಾಜಿಗೆ ಹೇಳಿದೆ. ನೀರಾವರಿ ನೆಲ್ಲಿಗೆ ಎಕರೆಗೆ ಹತ್ತಿರ ಹತ್ತಿರ 60 ಕೆಜಿ ಸಾರಜನಕ ಅಂತ ಶಿಫಾರಸು, ಡಿಎಪಿ ಎರಡು ಚೀಲ ಹಾಕಿದ್ರ ಅದರಾಗೇ 18 ಕೆಜಿ ಬಂತು, ಅಂದ್ರ ಯೂರಿಯಾ ಎರಡು ಚೀಲ ಸಾಕು. ನೀವು ಎಷ್ಟು ಹಾಕ್ತೀರಿ ನೀವೇ ಎಣಿಸ್ಕೋರಿ, ಅಂಗಡ್ಯಾವರು ಹೇಳಿದ್ದು ಬಿಟ್ಟು.

ಈಗ ನಿಮಗ ಉಪಯೋಗ ಬೀಳೋ ಮಾತು. ನಿಮ್ಮ ಬೋರಿನ ನೀರು ಕೂಸಿಗೆ ವಿಷ, ಮೆಣಸಿಗೆ ಗೊಬ್ಬರ. ಲೀಟರಿಗೆ 96 ಮಿಲಿಗ್ರಾಂ ನೈಟ್ರೇಟ್ ಅಂದ್ರ 21.7 ಮಿಲಿಗ್ರಾಂ ಸಾರಜನಕ. ಒಂದು ಎಕರೆಗೆ ಒಂದು ಇಂಚು ನೀರು ಅಂದ್ರ ಒಂದು ಲಕ್ಷ ಲೀಟರ್ ಮ್ಯಾಲ, ಅದರಾಗ ಎರಡು ಕೆಜಿಗಿಂತ ಜಾಸ್ತಿ ಸಾರಜನಕ ಅದ. ಕೆನಾಲ್ ಬಂದ್ ಆದ ಮ್ಯಾಲ ನೀವು ಮೆಣಸಿಗೆ ಬೋರಿನಿಂದ ಎರಡೆರಡು ಇಂಚಿನ ಎಂಟು ನೀರು ಕೊಟ್ರ ಎಕರೆಗೆ 35 ಕೆಜಿ ಸಾರಜನಕ ಪುಕ್ಕಟೆ ಹೋಯ್ತು, ಯೂರಿಯಾ ಚೀಲದ ಲೆಕ್ಕದಾಗ ಒಂದೂವರಿಗಿಂತ ಜಾಸ್ತಿ. ಅಷ್ಟು ಯೂರಿಯಾ ಬಿಟ್ಟುಬಿಡ್ರಿ. ಇಲ್ಲದಿದ್ರ ಹೋದ ವರ್ಷದ ಗೊಬ್ಬರ ಮ್ಯಾಲ ಎತ್ತಿ ಹಾಕಿ ಅದರ ಮ್ಯಾಲ ಈ ವರ್ಷದ್ದು ಸುರಿದಂಗ. ಆದ್ರ ಟಿಡಿಎಸ್ 1480 ನೀರು ಎರಿ ಹೊಲಕ್ಕ ಒಂದೇ ಸವನ ಕೊಟ್ರ ಸವಳು ಏರ್ತದ, ಕೆನಾಲ್ ನೀರು ಇದ್ದಾಗ ಅದೂ ಇದೂ ಕೂಡಿಸಿ ಕೊಡ್ರಿ.

ಮೆಣಸಿಗೆ ಉಳಿದ ಯೂರಿಯಾನ ಒಂದೇ ಸಲ ಚೆಲ್ಲಬ್ಯಾಡ್ರಿ, ಮೂರು ನಾಲ್ಕು ಕಂತು ಮಾಡ್ರಿ, ನೀರು ಹಾಸಿದ ಮ್ಯಾಲ ನೆಲ ಹದಕ್ಕ ಬಂದಾಗ ಬುಡದಾಗ ಹಾಕಿ ಮಣ್ಣು ಮುಚ್ರಿ. ನೀರು ಬಿಡೋ ಹಿಂದಿನ ದಿನ ಹಾಕೋದು, ಮೋಡ ಕಪ್ಪಾದಾಗ ಹಾಕೋದು, ಇವೆರಡೂ ಬೋರಿಗೆ ಗೊಬ್ಬರ ಹಾಕಿದಂಗ. ಸಾಲು ಬಿಟ್ಟು ಸಾಲು ನೀರು ಹಾಸಿದ್ರೂ ಭಾಳ ಫರಕ್ ಬೀಳ್ತದ. ಎರಡು ಮೂರು ವರ್ಷಕ್ಕೊಮ್ಮಿ ಆ ಎರಡು ಎಕರೆದಾಗ ತೊಗರಿ ಹಾಕ್ರಿ, ಯೂರಿಯಾ ಇಲ್ಲದೇ. ನಮ್ಮ ಕಲಬುರಗಿ ಸೀಮಿ ತೊಗರಿ ಬೇರು ಎಷ್ಟು ಆಳ ಹೋಗ್ತದ ನಿಮಗ ಗೊತ್ತೇ ಅದ, ಮೆಣಸಿನ ಬೇರಿಗೆ ಎಟುಕದ ನೈಟ್ರೇಟನ್ನ ಅದು ಕೆಳಗಿನಿಂದ ಎಳ್ಕೊಂಡು ಬರ್ತದ.

ಔಷಧಿ ಬಗ್ಗೆ ಕೇಳೀರಿ. ಜನರಿಗೆ ಎಣ್ಣಿ (ಹೊಲಕ್ಕ ಹೊಡಿಯೋ ಔಷಧಿ) ಅಂದ್ರ ಭಯ, ಗೊಬ್ಬರ ಅಂದ್ರ ಪ್ರೀತಿ, ಆದ್ರ ಅಂತರ್ಜಲದ ಮಟ್ಟಿಗೆ ನೋಡಿದ್ರ ಹೊಲಕ್ಕ ಹೊಡೆದ ಬಹಳಷ್ಟು ಎಣ್ಣಿ ಅಲ್ಲಿ ತನಕ ಮುಟ್ಟಂಗಿಲ್ಲ. ಕ್ಲೋರ್‌ಪೈರಿಫಾಸ್, ಸೈಪರ್‌ಮೆಥ್ರಿನ್ ಇಂಥವು ಮಣ್ಣಿಗೆ ಅಂಟಿ ಕೂತುಬಿಡ್ತಾವ. ಗ್ಲೈಫೋಸೇಟ್ ಬಗ್ಗೆ ಇಷ್ಟು ಗಲಾಟಿ ಆಗ್ತದ, ಅದೂ ಎರಿ ಮಣ್ಣಿಗೆ ಗಟ್ಟಿ ಅಂಟೋದೇ. ನೀರಿನ ಜೊತಿ ಓಡಾಡೋದು ಮಣ್ಣಿಗೆ ಅಷ್ಟಾಗಿ ಅಂಟದ ಜಾತಿ, ಅಟ್ರಾಜಿನ್, ಮೋನೋಕ್ರೊಟೊಫಾಸ್, ಇಮಿಡಾಕ್ಲೋಪ್ರಿಡ್, ಥಯಾಮೆಥಾಕ್ಸಾಮ್. ಅವೂ ಹೊಲದಿಂದ ಇಳಿಯೋಕ್ಕಿಂತ ಬೋರಿನ ಬಾಯಿಯಿಂದ ಇಳಿಯೋದೇ ನನಗ ದೊಡ್ಡ ಚಿಂತಿ.

ಯಾಕಂತೀರಾ? ಬಿಐಎಸ್ ಪ್ರಕಾರ ಮೋನೋಕ್ರೊಟೊಫಾಸ್ ಕುಡಿಯೋ ನೀರಾಗ ಲೀಟರಿಗೆ 1 ಮೈಕ್ರೋಗ್ರಾಂ ದಾಟಬಾರ್ದು, ಅಂದ್ರ ಗ್ರಾಮಿನ ಹತ್ತು ಲಕ್ಷದಾಗ ಒಂದು ಭಾಗ. 36 ಪರ್ಸೆಂಟ್ ಡಬ್ಬಿಯ ಬರೀ ಒಂದು ಮಿಲಿ ಎಣ್ಣಿ ಮೂರೂವರೆ ಲಕ್ಷ ಲೀಟರ್ ನೀರನ್ನ ಆ ಗೆರಿಗೆ ಒಯ್ತದ. ಈಗ ನೆನಪು ಮಾಡ್ಕೋರಿ, ಪಂಪ್ ಎಲ್ಲಿ ತುಂಬ್ತೀರಿ, ಡಬ್ಬಿ ಎಲ್ಲಿ ತೊಳೀತೀರಿ. ಬೋರಿನ ಪೈಪ್ ಹತ್ರಾನೇ ಅಲ್ಲೇನ್ರಿ? ಡ್ರಮ್ಮಿನಾಗ ಎಣ್ಣಿ ಕಲಸಿ ಅದರಾಗ ಬೋರಿನ ಪೈಪ್ ಮುಳುಗಿಸಿ ನೀರು ಬಿಟ್ಟಿರ್ತಾರ, ನಡುವ ಕರೆಂಟ್ ಹೋಗ್ತದ, ಪೈಪಿನಾಗಿನ ನೀರು ಹಿಂದಕ್ಕ ಜಗ್ತದ, ಡ್ರಮ್ಮಿನದ್ದು ಸೀದಾ ಬೋರಿನೊಳಗ. ಡ್ರಿಪ್ಪಿನಾಗ ವೆಂಚುರಿ (ಗೊಬ್ಬರದ ನೀರು ಎಳ್ಕೊಳ್ಳೋ ಉಪಕರಣ) ಹಚ್ಚಿ ಗೊಬ್ಬರ ಬಿಡೋರಿಗೂ ಇದೇ ಆಗ್ತದ. ನಮ್ಮ ಕಡಿ ಕರೆಂಟ್ ಹೋಗೋದು ಹೊಸದಲ್ಲ. ನೀರು ಹಿಂದಕ್ಕ ಹೋಗದಂಗ ತಡಿಯೋ ಒಂದು ನಾನ್ ರಿಟರ್ನ್ ವಾಲ್ವ್ ಹಾಕಿಸ್ರಿ, ಪೈಪಿನ ತುದಿ ಡ್ರಮ್ಮಿನ ನೀರಿಗೆ ಮುಟ್ಟದಂಗ ಮ್ಯಾಲ ಹಿಡೀರಿ. ಖಾಲಿ ಡಬ್ಬಿ ಮೂರು ಸಲ ತೊಳೆದು ಆ ತೊಳೆದ ನೀರು ಪಂಪಿಗೇ ಹಾಕಿ ಹೊಲಕ್ಕೇ ಹೊಡೀರಿ, ಡಬ್ಬಿಗೆ ತೂತು ಹಾಕ್ರಿ. ನೆಲದ ಮ್ಯಾಲ ಬಿದ್ದದ್ದು ಮಣ್ಣು ಹಿಡೀತದ, ಬೋರಿನ ಒಳಗ ಬಿದ್ದದ್ದನ್ನ ಹಿಡಿಯೋರು ಯಾರೂ ಇಲ್ಲ. ನೀರಾಗ ಎಣ್ಣಿ ಟೆಸ್ಟ್ ಮಾಡಿಸ್ಲಿಕ್ಕೆ ದೊಡ್ಡ ಮಶೀನಿನ ಲ್ಯಾಬ್ ಬೇಕು, ರೊಕ್ಕ ಭಾಳ, ಅದಕ್ಕ ಹಾಕೋ ರೊಕ್ಕದಾಗ ಮೊದಲು ಬೋರಿನ ಬಾಯಿ ಕಟ್ಟಿಸ್ರಿ ಅಂತೀನಿ.

ಬಾಯಿ ಕಟ್ಟಿಸೋದು ಅಂದ್ರ, ಕೇಸಿಂಗ್ ಪೈಪ್ (ಬೋರಿನ ತೂತಿನ ಒಳಗ ಇಳಿಸಿರೋ ಪೈಪ್) ನೆಲದಿಂದ ಒಂದೂವರೆ ಫೂಟ್ ಮ್ಯಾಲ ಇರಬೇಕು, ಮುಚ್ಚಳ ಇರಬೇಕು, ಸುತ್ತ ಮೂರು ನಾಲ್ಕು ಫೂಟ್ ಸಿಮೆಂಟ್ ಕಟ್ಟಿ, ನೀರು ಹೊರಗ ಹರಿಯೋ ಇಳಿಜಾರು. ಬೋರ್ ಹಾಕೋವಾಗ ಕೊರೆದ ತೂತಿಗೂ ಕೇಸಿಂಗಿಗೂ ನಡುವ ಸಂದಿ ಉಳೀತದ, ನಮ್ಮ ಕಡಿ ಅದನ್ನ ಯಾರೂ ತುಂಬಂಗಿಲ್ಲ, ಮಣ್ಣು ಎಳೆದು ಹೋಗಿಬಿಡ್ತಾರ, ತಿಪ್ಪಿ ನೀರಿಗೆ ಅದೇ ಮೆಟ್ಟಿಲು. ಆ ಸಂದಿ ಕೆದರಿ ಆಗೋವಷ್ಟು ಆಳಕ್ಕ ಸಿಮೆಂಟ್ ಗಂಜಿ ತುಂಬಿಸ್ರಿ. ತಿಪ್ಪಿ, ದನದ ಗೂಟ ಬೋರಿನಿಂದ ಇಳಿಜಾರಿನ ಕೆಳಗ, ಕಡಿಮಿ ಅಂದ್ರೂ ಐವತ್ತು ಹೆಜ್ಜಿ ದೂರ ಸರಿಸ್ರಿ. ಸಂಡಾಸದ ಗುಂಡಿಗೂ ಅಷ್ಟೇ, ಬಂಡಿಗಲ್ಲಿನ ಸೀಳು ಇರೋ ನೆಲದಾಗ ಪುಸ್ತಕದಾಗಿನ ಹತ್ತು ಹದಿನೈದು ಮೀಟರ್ ಲೆಕ್ಕ ನಂಬಿ ಕೂಡಬ್ಯಾಡ್ರಿ, ಸೀಳಿನಾಗ ನೀರು ಓಡ್ತದ. ಆಮ್ಯಾಲ ಬೋರಿಗೆ ಬ್ಲೀಚಿಂಗ್ ಹಾಕಿ ತೊಳೆದು ಕೋಲಿಫಾರ್ಮ್ ಮತ್ತ ನೋಡಿಸ್ರಿ.

ಹೊಲದಾಗ ನೀರು ಬೀಳದೇ ಬಿಟ್ಟ ಬೋರ್ ಇದ್ರ ಅದನ್ನೂ ಮಣ್ಣು, ಸಿಮೆಂಟ್ ಹಾಕಿ ಮುಚ್ರಿ. ಈಗ ಬೋರ್ ರೀಚಾರ್ಜ್ ಅಂತ ಒಂದು ಹುಚ್ಚು ಹತ್ಯದ, ಹೊಲದಾಗ ಹರಿಯೋ ಮಳಿ ನೀರನ್ನ ಜಲ್ಲಿ ಗುಂಡ್ಯಾಗ ಹಾಯಿಸಿ ಸೀದಾ ಕೇಸಿಂಗಿಗೆ ತೂತು ಹೊಡೆದು ಬಿಡೋದು. ಮಳಿಯಾಶ್ರಿತ ಗುಡ್ಡದ ಕಡಿ ಅದು ನಡೀತದ. ಯೂರಿಯಾ, ಎಣ್ಣಿ ಬಿದ್ದ ಹೊಲದ ನೀರನ್ನ ಜಲ್ಲಿ ಏನು ಸೋಸ್ತದ್ರಿ, ಕಸಕಡ್ಡಿ ಸೋಸ್ತದ ಅಷ್ಟೇ. ಕೆನಾಲ್ ಕೆಳಗಿನವರಿಗೆ ನೀರಿನ ಮಟ್ಟದ ಕೊರತಿನೂ ಇಲ್ಲ. ಮಾಡೋದೇ ಇದ್ರ ಮನಿ ಮಾಳಿಗಿ ನೀರು ಬಿಡ್ರಿ, ಅದಕ್ಕಿಂತ ಟಾಕಿ ಕಟ್ಟಿ ಕುಡೀರಿ. ನೂರು ಚದರ ಮೀಟರ್ ಆರ್‌ಸಿಸಿ ಮ್ಯಾಲ ನೂರು ಮಿಲಿಮೀಟರ್ ಮಳಿ ಬಿದ್ರ ಹತ್ತು ಸಾವಿರ ಲೀಟರ್, ಸೋರಿದ್ದು ಕಳೆದ್ರೂ ಎಂಟು ಸಾವಿರ ಸಿಗ್ತದ, ಅದರಾಗ ನೈಟ್ರೇಟೂ ಇಲ್ಲ, ಫ್ಲೋರೈಡೂ ಇಲ್ಲ.

ಆಳ ಬೋರ್ ಬ್ಯಾಡ್ರಿ. ನೈಟ್ರೇಟ್ ಸ್ವಲ್ಪ ಕಡಿಮಿ ಬರಬಹುದು, ಆದ್ರ ಯಾದಗಿರಿ ಜಿಲ್ಲಾ ಗ್ರಾನೈಟ್ ಕಲ್ಲಿನಾಗ ಆಳ ಹೋದಂಗೆಲ್ಲಾ ಫ್ಲೋರೈಡ್ ಏರೋ ಸಾಧ್ಯತೆ ಜಾಸ್ತಿ, ನಿಮ್ದು ಈಗಾಗ್ಲೇ 1.1 ಅದ. ಸುರಪುರ ತಾಲೂಕಿನ ಕಿರದಳ್ಳಿ ತಾಂಡಾ ಕಡಿ ಆರ್ಸೆನಿಕ್ ಸಿಕ್ಕಿದ್ದು ಕೇಳಿರ್ತೀರಿ, ಅದು ಗೊಬ್ಬರದಿಂದ ಬಂದದ್ದಲ್ಲ, ಬಂಗಾರ ಸಿಗೋ ಜಾತಿ ಕಲ್ಲಿನಿಂದ ಬಂದದ್ದು. ಎಲ್ಲಾ ಪಾಪನೂ ಚೀಲದ ಮ್ಯಾಲ ಹಾಕಿದ್ರ ಕಲ್ಲಿನಿಂದ ಬರೋದನ್ನ ನೋಡೋರು ಯಾರು? ನಿಮ್ಮ ಬೋರ್ ಆ ಪಟ್ಟಿಗೆ ಹತ್ರ ಇದ್ರ ಒಮ್ಮಿ ಆರ್ಸೆನಿಕ್ಕೂ ಟೆಸ್ಟ್ ಮಾಡಿಸ್ರಿ. ಮತ್ತ ಹಳೇ ಕೇಸಿಂಗ್ ಸಂದಿ ಹಂಗೇ ಇದ್ರ ಹೊಸ ಬೋರಿಗೂ ಅದೇ ತಿಪ್ಪಿ ನೀರು.

ಫಿಲ್ಟರ್ ತರೋದಾದ್ರ ಆರ್‌ಒ ಮಾತ್ರ. ಕ್ಯಾಂಡಲ್, ಯುವಿ, ಪಟಿಕ, ಕ್ಲೋರಿನ್ ಯಾವುದಕ್ಕೂ ನೈಟ್ರೇಟ್ ಜಗ್ಗಂಗಿಲ್ಲ. ಊರಿನ ಶುದ್ಧ ನೀರಿನ ಘಟಕದಿಂದ ತರ್ತೀರಿ ಅಂದ್ರೂ ಆ ಕ್ಯಾನಿನ ನೀರನ್ನ ಒಮ್ಮಿ ಟೆಸ್ಟಿಗೆ ಕೊಡ್ರಿ, ಪೊರೆ ಹಳೇದಾಗಿ ನೀರು ಬರೀ ಹಾದು ಬರೋ ಘಟಕಗಳೂ ಅವ, ರುಚಿ ನೋಡಿ ಗೊತ್ತಾಗಂಗಿಲ್ಲ. ಮನಿ ಆರ್‌ಒದಿಂದ ಬಿಡೋ ಹೊಲಸು ನೀರಾಗ ನೈಟ್ರೇಟ್ ಇನ್ನೂ ದಪ್ಪ ಇರ್ತದ, ಅದನ್ನ ಬೋರಿನ ಕಟ್ಟಿ ಮ್ಯಾಲ ಬಿಡಬ್ಯಾಡ್ರಿ, ತೆಂಗಿನಗಿಡಕ್ಕ ಬಿಡ್ರಿ.

ನೀವು ದೊಡ್ಡವರು 96ರ ನೀರು ಕುಡಿದ್ರ ನಾಳೆ ಏನೂ ಆಗಂಗಿಲ್ಲ, ಗಾಬರಿ ಬ್ಯಾಡ. ಆದ್ರ ವರ್ಷಗಟ್ಟಲೆ ಇದೇ ಕುಡಿಯೋದು ಒಳ್ಳೇದಲ್ಲ. ಹೊಟ್ಟ್ಯಾಗ ನೈಟ್ರೊಸೊ ಸಂಯುಕ್ತ ಹುಟ್ಟೋ ಪರಿಸ್ಥಿತಿಯಾಗ ನೈಟ್ರೇಟ್ ಕ್ಯಾನ್ಸರಿಗೆ ಕಾರಣ ಆಗೋ ಸಂಭವ ಅದ ಅಂತ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2010ರಾಗ ವರ್ಗೀಕರಣ ಮಾಡ್ಯದ. ಬಸುರಿ ಹೆಣ್ಣುಮಕ್ಕಳಿಗೂ ಕೊಡಬ್ಯಾಡ್ರಿ.

ದನಕ್ಕ ಈ ನೀರು ನಡೀತದ, ಅವು ಇದಕ್ಕಿಂತ ಭಾಳ ಜಾಸ್ತಿ ತಡೀತಾವ. ದನಕ್ಕ ಅಪಾಯ ಇರೋದು ಮೇವಿನಿಂದ. ಯೂರಿಯಾ ಜಾಸ್ತಿ ಉಂಡ ಹಸಿ ಜೋಳ ಮಳಿ ತಪ್ಪಿ ಬಾಡಿದಾಗ ದಂಟಿನಾಗ ನೈಟ್ರೇಟ್ ತುಂಬ್ಕೊಂಡಿರ್ತದ, ಎಳಿ ಜೋಳದಾಗ ಸೈನೈಡ್ ಬ್ಯಾರೆ. ಮತ್ತ ಯೂರಿಯಾ ಕರಗಿಸಿದ ಬಕೆಟ್ ಬಯಲಾಗ ಇಡಬ್ಯಾಡ್ರಿ, ನೀರು ಅಂತ ಎತ್ತು ಕುಡಿದುಬಿಟ್ರ ಡಾಕ್ಟರ್ ಬರೋ ತನಕ ಉಳಿಯೋದು ಕಷ್ಟ.

ಇನ್ನ ಮುಂದಿನ ಟೆಸ್ಟ್. ಒಂದು ಬಾಟ್ಲಿ ಸಾಲಂಗಿಲ್ಲ, ಮೂರು ತಗೋರಿ: ಮನಿ ಬೋರ್, ಮನಿಯಿಂದ ದೂರ ಇರೋ ಹೊಲದ ಬೋರ್, ಕೆನಾಲ್ ಕಡಿ ಮ್ಯಾಲಿನ ಹೊಲದವರ ಬೋರ್. ಮೂರರಾಗೂ 90 ಹತ್ತಿರ ಬಂದ್ರ ಹೊಲದ ಕೆಲಸ. ಮನಿದು ಮಾತ್ರ ಜಾಸ್ತಿ, ಉಳಿದೆರಡು ಕಡಿಮಿ ಬಂದ್ರ ತಿಪ್ಪಿ, ಸಂಡಾಸದ ಕೆಲಸ. ಇದನ್ನ ಎರಡು ಸಲ ಮಾಡಿಸ್ರಿ, ಕೆನಾಲ್ ಬಂದ್ ಆಗಿ ಬ್ಯಾಸಿಗಿ ಏರಿದಾಗ ಒಮ್ಮಿ, ಮುಂಗಾರು ನೀರು ಬಿಟ್ಟ ಒಂದು ತಿಂಗಳಿಗೆ ಒಮ್ಮಿ. ಮೋಟರ್ ಹತ್ತು ನಿಮಿಷ ಓಡಿಸಿ ಆಮ್ಯಾಲ ಬಾಟ್ಲಿ ತುಂಬ್ರಿ, ಅದೇ ನೀರಿನಿಂದ ಮೂರು ಸಲ ಬಾಟ್ಲಿ ಗಲಬರಿಸ್ರಿ, ಗೊಬ್ಬರ ಮುಟ್ಟಿದ ಕೈಯಿಂದ ಹಿಡೀಬ್ಯಾಡ್ರಿ, ನಗಬ್ಯಾಡ್ರಿ, ಹಂಗಾಗಿ ಕೆಟ್ಟ ಸ್ಯಾಂಪಲ್ ನಾನು ನೋಡೀನಿ. ಥಂಡಾ ಡಬ್ಬ್ಯಾಗ ಇಟ್ಟು ಅದೇ ದಿನ ಮುಟ್ಟಿಸ್ರಿ, ಕೋಲಿಫಾರ್ಮಿಗೆ ಮಾತ್ರ ಲ್ಯಾಬಿನವರ ಸ್ಟೆರೈಲ್ ಬಾಟ್ಲಿನೇ ಬೇಕು, ಅದನ್ನ ಗಲಬರಿಸಬಾರ್ದು. ಗ್ರಾಮೀಣ ಕುಡಿಯೋ ನೀರಿನ ಇಲಾಖಿ ಲ್ಯಾಬಿನಾಗ ಇದೆಲ್ಲಾ ಆಗ್ತದ, ಪಂಚಾಯತಿಯಾಗ ಕಿಟ್ ಇದ್ರ ನೈಟ್ರೇಟ್ ಅಲ್ಲೇ ಅಂದಾಜು ಸಿಗ್ತದ. ಗೊಬ್ಬರದ ಲೆಕ್ಕಕ್ಕ ಭೀಮರಾಯನಗುಡಿ ಕೃಷಿ ಕಾಲೇಜು ನಿಮಗ ಹತ್ರ, ಮಣ್ಣೂ ಒಂದು ಕೆಜಿ ಒಯ್ರಿ.

ತಿಪ್ಪಿ ಸರಿಸಿ, ಬಾಯಿ ಕಟ್ಟಿಸಿದ್ರ ಕೋಲಿಫಾರ್ಮ್ ಕೆಲವೇ ವಾರದಾಗ ಹೋಗ್ತದ. ನೈಟ್ರೇಟ್ ಹಂಗಲ್ಲ, ಕೆಳಗ ಇಳಿದದ್ದು ವರ್ಷಗಟ್ಟಲೆ ಇರ್ತದ, ಮುಂದಿನ ರಿಪೋರ್ಟಿನಾಗ 96 ಹೋಗಿ 90 ಬಂದ್ರ ಏನೂ ಆಗ್ಲಿಲ್ಲ ಅಂತ ಕೈ ಬಿಡಬ್ಯಾಡ್ರಿ. ಮೂರು ಬಾಟ್ಲಿ ರಿಪೋರ್ಟ್ ಬಂದ ಮ್ಯಾಲ ಬೋರಿನ ಆಳ, ಕೇಸಿಂಗ್ ಎಷ್ಟು ಫೂಟ್, ತಿಪ್ಪಿ ಎಷ್ಟು ಹೆಜ್ಜಿ ಅದೂ ಬರೆದು ಕಳಿಸ್ರಿ, ನೋಡಿ ಹೇಳ್ತೀನಿ.